ಮಕ್ಕಳೊಡನೆ ಕಾಬೊ ದ ರಾಮ ಕೋಟೆಗೆ

ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ಹೊರಡುವ ಊರುಗಳು ಮೊದಲೇ ನಿಶ್ಚಯವಾಗಿರುತ್ತವೆ. ಶ್ರವಣಬೆಳಗೊಳ, ಮೂಡಬಿದಿರೆ, ಧರ್ಮಸ್ಥಳ, ಕುಂಭೋಜ. ಇವು ಹೋಗಲೇಬೇಕಾದ ಕ್ಷೇತ್ರಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಳೆದ ಡಿಸೆಂಬರಿನಲ್ಲಿ ನಮ್ಮ ಒಂಬತ್ತು ವರ್ಷದ ಮಗ ಕೋಟೆಯನ್ನೇ ನೋಡಬೇಕು, ಅದೂ ಸಮುದ್ರದ ಪಕ್ಕದ ಗುಡ್ಡದ ಮೇಲಿನ ಕೋಟೆಯನ್ನೇ ನೋಡಬೇಕು ಎಂದು ಹಟ ಹಿಡಿದ. ಎಂಟನೆಯ ತರಗತಿಯ ಅಕ್ಕನೂ ಅವನ ಪಕ್ಷ ಸೇರಿದಳು.

"ಕ್ವಾಟ್ಯಾಗ ಏನೈತಿ? ಕಲ್ಲು, ಮುಳ್ಳು, ಮಂಗ್ಯಾ" ಎಂದು ಅಜ್ಜ ತಳ್ಳಿಹಾಕಿದರು. ಹುಬ್ಬಳ್ಳಿಯ ಪೇಟೆಯಲ್ಲಿ ಐವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿದವರು ಅವರು. ಲಾಭವಿಲ್ಲದ ಕಡೆ ಕಾಲಿಡುವುದಿಲ್ಲ. ಗೋವೆಯ ಕಾಣಕೋಣ ತಾಲೂಕಿನ ಕಾಬೊ ದ ರಾಮ ಕೋಟೆ ಪೋರ್ಚುಗೀಸರಿಗಿಂತ ಮೊದಲು ಸೋದೆ ಅರಸರ ಕೈಯಲ್ಲಿತ್ತು ಎಂದು ನಾವು ಹೇಳಿದ ಮೇಲೆ ಅವರ ಮುಖ ಬದಲಾಯಿತು. ಸೋದೆಯೆಂದರೆ ನಮಗೆ ಪರಸ್ಥಳವಲ್ಲ. ಶಿರಸಿಯಿಂದ ಕೂಗಳತೆಯ ಊರು. ಅಲ್ಲಿ ಭಟ್ಟಾಕಳಂಕರ ಪರಂಪರೆಯ ನಮ್ಮ ಸ್ವಾದಿ ಮಠವಿದೆ. "ಹಂಗಾರ ನಾನೂ ಬರತೇನಿ" ಎಂದರು. ಅಂಗಡಿಯನ್ನು ಎರಡು ದಿನ ತಮ್ಮನಿಗೆ ಒಪ್ಪಿಸಿ ನಾವು ಐವರು ಹೊರಟೆವು.

ಯಲ್ಲಾಪುರ, ಅಂಕೋಲೆ ದಾರಿಯಾಗಿ ಕಾರವಾರ ತಲುಪಿ ರಾತ್ರಿ ನೆಂಟರ ಮನೆಯಲ್ಲಿ ಉಳಿದೆವು. ಮರುದಿನ ಕಾಳಿ ನದಿ ದಾಟುವಾಗಲೇ ಪಾಠ ಆರಂಭವಾಯಿತು. ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದದ್ದು ಮಕ್ಕಳಿಗೂ ಗೊತ್ತಿತ್ತು. ಹೊಸ ಸೇತುವೆಯ ಮೇಲೆ ಇಬ್ಬರೂ ಉಸಿರು ಬಿಗಿಹಿಡಿದಿದ್ದರು. ಆಚೆ ದಡದ ಗುಡ್ಡವೇ ಸದಾಶಿವಗಡ. ಸೋದೆಯ ಬಸವಲಿಂಗ ನಾಯಕ 18ನೆಯ ಶತಮಾನದ ಆದಿಯಲ್ಲಿ ಕಟ್ಟಿಸಿ ತಂದೆಯ ಹೆಸರಿಟ್ಟ ಕೋಟೆ ಅದು. ಈಗ ಅದೇ ಗುಡ್ಡವನ್ನು ಸೀಳಿಕೊಂಡು ಹೆದ್ದಾರಿ ಹೋಗುತ್ತದೆ.

ಗಡಿ ದಾಟಿ ಕಾಣಕೋಣದ ಚಾವಡಿ ಪೇಟೆಗೆ ಬಂದೆವು. ಇಲ್ಲಿ ಹತ್ತು ನಿಮಿಷ ನಿಲ್ಲುವುದೆಂದು ಮಾತು, ಹಿಡಿದದ್ದು ಮುಕ್ಕಾಲು ಗಂಟೆ. ಕಾರಣ, ಖೋಲಾ ಮೆಣಸಿನಕಾಯಿ. ಕೋಟೆ ಇರುವ ಖೋಲಾ ಗ್ರಾಮದ ಗುಡ್ಡದ ಇಳಿಜಾರುಗಳಲ್ಲಿ ಮಳೆಯ ನೀರಿನಲ್ಲೇ ಬೆಳೆಯುವ ಕಡುಕೆಂಪು ಕಾಯಿ ಅದು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮ ಬ್ಯಾಡಗಿಗೆ ಸಿಕ್ಕದ್ದು 2011ರಲ್ಲಿ. ಅಜ್ಜ ಒಂದು ಕಾಯಿಯನ್ನು ಮುರಿದು ಮೂಸಿ, ಬೀಜ ಎಣಿಸಿದಂತೆ ಮಾಡಿ, ಮಾರುವ ಹೆಂಗಸಿಗೆ ಕೊಂಕಣಿ ಬಾರದಿದ್ದರೂ ಬೆರಳಿನಲ್ಲೇ ದರ ಕೇಳಿದರು. ದರ ಕೇಳಿ ಹುಬ್ಬೇರಿಸಿದರು. ಕಾಲು ಕಿಲೋ ತೆಗೆದುಕೊಂಡರು.

ಅಗೋಂದೆಯ ಕಡೆಯಿಂದ ಗುಡ್ಡ ಹತ್ತಿ ಇಳಿದು ಕೋಟೆ ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ಪೋರ್ಚುಗೀಸ್ ಭಾಷೆಯಲ್ಲಿ ಕಾಬೊ ಎಂದರೆ ಭೂಶಿರ. ವನವಾಸದಲ್ಲಿ ರಾಮ ಸೀತೆಯರು ಇಲ್ಲಿ ತಂಗಿದ್ದರೆಂಬುದು ಊರಿನ ನಂಬಿಕೆ, ಹೆಸರು ಬಂದದ್ದು ಅದರಿಂದ. ಮುಂದೆ ಒಣಗಿದ ಕಂದಕ, ಅದರಾಚೆ ಜಂಬಿಟ್ಟಿಗೆ ಕಲ್ಲಿನ ಗೋಡೆ, ಬಾಗಿಲು. ಒಳಗೆ ಕಾಲಿಟ್ಟರೆ ಬಿಳಿಯ ಪುಟ್ಟ ಚರ್ಚು. ಸಂತ ಆಂತೋನಿಯ ಹೆಸರಿನ ಆ ಚರ್ಚಿನಲ್ಲಿ ಈಗಲೂ ಪ್ರಾರ್ಥನೆ ನಡೆಯುತ್ತದೆ. ಉಳಿದದ್ದೆಲ್ಲ ಅಜ್ಜ ಹೇಳಿದಂತೆಯೇ: ಕಲ್ಲು, ಮುಳ್ಳು, ಮಂಗ.

ಗೋಡೆಯ ಬಳಿ ತುಕ್ಕು ಹಿಡಿದ ತೋಪುಗಳು ಬಿದ್ದಿವೆ. ಮಗ ಓಡಿಹೋಗಿ ಒಂದರ ಮೇಲೆ ಕುದುರೆ ಸವಾರಿ ಕುಳಿತ. ನಾವು ಫೋಟೋ ತೆಗೆದೆವು. ಎಲ್ಲರೂ ತೆಗೆಯುತ್ತಾರೆ.

"ಅಜ್ಜಾ, ಇಲ್ಲಿ ಯುದ್ಧದಾಗ ಯಾರು ಗೆದ್ರು?"

ನಮಗೆ ಗೊತ್ತಿದ್ದಷ್ಟನ್ನು ಹೇಳಿದೆವು. 1763ರ ಮೊದಲಿಗೆ ಹೈದರಾಲಿ ಬಿದನೂರನ್ನು ಗೆದ್ದ. ಅವನ ಸೈನ್ಯ ಸೋದೆಯ ಮೇಲೂ ಬಂತು. ಅರಸ ಇಮ್ಮಡಿ ಸದಾಶಿವ ರಾಜ್ಯ ಬಿಟ್ಟು ಪರಿವಾರದೊಡನೆ ಗೋವೆಗೆ ಬಂದು ಪೋರ್ಚುಗೀಸರ ಆಶ್ರಯ ಪಡೆದ. ಅದೇ ಕಾಲದಲ್ಲಿ ಈ ಕೋಟೆಯೂ, ಮುಂದೆ ಫೋಂಡಾ, ಕಾಣಕೋಣ ಮೊದಲಾದ ಸೋದೆಯ ಸೀಮೆಗಳೂ ಅವರ ಪಾಲಾದವು.

"ಹಂಗಾರ ಪೋರ್ಚುಗೀಸರು ಗೆದ್ರು" ಎಂದ ಮಗ.

"ತಡೀ ತಮ್ಮಾ" ಎಂದರು ಅಜ್ಜ, ಖಾತೆ ಓದುವ ದನಿಯಲ್ಲಿ. "ಸೋದಿ ಹೋತು, ಹೈದರನ ಮಗ 1799ರಾಗ ಹೋದ, 1961ರಾಗ ಪೋರ್ಚುಗೀಸರೂ ಗಂಟು ಕಟ್ಟಿದರು. ಈ ಕ್ವಾಟ್ಯಾಗ ಉಳದದ್ದು ಮಂಗ್ಯಾ ಅಷ್ಟ."

ಅಕ್ಕನಿಗೆ ಬೇರೆಯದೇ ಸಂಶಯ. ಅಷ್ಟು ದೂರದಿಂದ ಅವರು ಬಂದದ್ದಾದರೂ ಏತಕ್ಕೆ? ಇದಕ್ಕೆ ಉತ್ತರ ನಮ್ಮ ಅಂಗಡಿಯಲ್ಲೇ ಇತ್ತು. ಅವರು ಬಂದದ್ದು ಕಾಳುಮೆಣಸಿಗೆ. ಗೇರುಸೊಪ್ಪೆಯಿಂದ ಆಳಿದ ನಮ್ಮ ಜೈನ ರಾಣಿ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದೇ ಕರೆದರು. ಮೆಣಸು ಒಯ್ಯಲು ಬಂದವರು ಅಮೆರಿಕ ಖಂಡದಿಂದ ತಂದುಬಿಟ್ಟದ್ದು ಮೆಣಸಿನಕಾಯಿ! 16ನೆಯ ಶತಮಾನಕ್ಕಿಂತ ಮೊದಲು ನಮ್ಮ ನಾಡಿನ ಯಾವ ಅಡಿಗೆಯಲ್ಲೂ ಅದು ಇರಲಿಲ್ಲ. ಕಾರಕ್ಕೆ ಕಾಳುಮೆಣಸೇ ಇತ್ತು. ಹೊಸ ಕಾಯಿಗೆ ಹಳೆಯ ಹೆಸರನ್ನೇ ಅಂಟಿಸಿ ಮೆಣಸಿನಕಾಯಿ ಎಂದೆವು.

ಅಜ್ಜ ಚೀಲದೊಳಗಿನ ಕಾಲು ಕಿಲೋ ಪೊಟ್ಟಣವನ್ನು ಮುಟ್ಟಿ ನೋಡಿಕೊಂಡರು. "ಅಂದ್ರ ಬ್ಯಾಡಗಿ ಕಾಯಿನೂ ಅವರದಾ?" ಎಂದು ಎರಡು ಸಲ ಕೇಳಿದರು. ಐವತ್ತು ವರ್ಷ ಬ್ಯಾಡಗಿಯ ಹೆಸರಿನಲ್ಲಿ ಅನ್ನ ಉಂಡವರಿಗೆ ಅದು ಸುಲಭದ ಮಾತಾಗಿರಲಿಲ್ಲ.

ಈ ಮಾತಿನ ರುಚಿಯಲ್ಲೇ ನಮ್ಮ ತಪ್ಪು ನಡೆದುಹೋಯಿತು. ಪಶ್ಚಿಮದ ಬುರುಜಿನ ಬಳಿ ತಿರುಗಿ ನೋಡಿದರೆ ಮಗನಿಲ್ಲ. ಕೋಟೆಯ ಆ ಬದಿಗೆ ಗುಡ್ಡ ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ಕಾಲುದಾರಿಗಳು ಪೊದೆಗಳ ನಡುವೆ ನುಸುಳಿ ಅಂಚಿನವರೆಗೂ ಹೋಗುತ್ತವೆ, ಅಲ್ಲಿ ಹಿಡಿದುಕೊಳ್ಳಲು ಕಂಬಿಯಿಲ್ಲ. ಕೂಗಿದೆವು. ಅಲೆಯ ಸದ್ದಿಗೆ ನಮ್ಮ ಕೂಗು ನಮಗೇ ಕೇಳಲಿಲ್ಲ. ಐದು ನಿಮಿಷವಿದ್ದೀತು. ಅಕ್ಕನೇ ಅವನನ್ನು ಕಂಡಳು. ಅಂಚಿನಿಂದ ಎರಡು ಮಾರು ದೂರದ ಬಂಡೆಯ ಮೇಲೆ ಕುಳಿತು ಹದ್ದು ತಿರುಗುವುದನ್ನು ನೋಡುತ್ತಿದ್ದ. ಅವಳು ಕೂಗಲಿಲ್ಲ. ಕೂಗಿದರೆ ಬೆಚ್ಚಿ ಏಳುತ್ತಾನೆಂದು ಮೆಲ್ಲನೆ ಹೋಗಿ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡಳು. ಆ ಬುದ್ಧಿ ಹದಿಮೂರರ ಹುಡುಗಿಗೆ ಹೊಳೆಯಿತು, ನಮಗೆ ಹೊಳೆದಿರಲಿಲ್ಲ. ಆಮೇಲೆ ನಾವು ಒಂದು ಕಟ್ಟು ಮಾಡಿಕೊಂಡೆವು: ಕೋಟೆಯೊಳಗೆ ಇರುವಷ್ಟು ಹೊತ್ತೂ ಹಿರಿಯರಲ್ಲಿ ಒಬ್ಬರು ಫೋಟೋ ತೆಗೆಯುವಂತಿಲ್ಲ, ಕಥೆ ಹೇಳುವಂತಿಲ್ಲ. ಮಕ್ಕಳ ಮೇಲೆ ಕಣ್ಣಿಡುವುದೊಂದೇ ಅವರ ಕೆಲಸ. ಹೋಗುವವರು ಮೊದಲೇ ಈ ಏರ್ಪಾಡು ಮಾಡಿಕೊಳ್ಳಿ.

ಹೊರಬರುವಾಗ ಯಾರಿಗೂ ಮಾತಿರಲಿಲ್ಲ. 1955ರವರೆಗೆ ಈ ಕೋಟೆ ಸೆರೆಮನೆಯೂ ಆಗಿತ್ತೆಂದು ತಿಳಿಸಿದೆವು. ಇಷ್ಟು ಚೆಂದದ ಸಮುದ್ರವನ್ನು ನೋಡುತ್ತ ಸೆರೆಯಲ್ಲಿರುವುದು ಹೇಗೆ ಎಂದು ಅಕ್ಕ ಕೇಳಿದಳು.

ಇನ್ನು ಊಟದ ಮಾತು. ಇಲ್ಲಿಗೆ ಬರುವವರೆಲ್ಲ ಬಯಸುವುದು ಸೂರ್ಯಾಸ್ತ. ಡಿಸೆಂಬರ್ ಕೊನೆಗೆ ಸೂರ್ಯ ಮುಳುಗುವುದು ಆರು ದಾಟಿ ಹತ್ತು ನಿಮಿಷದ ಸುಮಾರಿಗೆ. ಅದಕ್ಕೆ ಎರಡು ಘಳಿಗೆ ಅಂದರೆ 48 ನಿಮಿಷ ಮುಂಚೆ ಅಜ್ಜ ಅಜ್ಜಿಯ ಊಟ ಮುಗಿಯಬೇಕು. ಸುತ್ತಲ ಹೋಟೆಲುಗಳಲ್ಲಿ ಮೀನಿನದೇ ಅಡಿಗೆ. ಅದಕ್ಕೇ ಅಜ್ಜಿ ಕಾರವಾರದಲ್ಲೇ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡಿದ್ದರು. ಸೋಸಿ ಕಾಯಿಸಿದ ನೀರೂ ಜೊತೆಗಿತ್ತು. ಕೋಟೆಯೊಳಗೆ ಬುತ್ತಿ ಬಿಚ್ಚಬೇಡಿ, ಮಂಗಗಳು ಬಿಡುವುದಿಲ್ಲ. ನಾವು ಹೊರಗೆ, ಕಾರಿನ ನೆರಳಿನಲ್ಲಿ ಚಾಪೆ ಹಾಸಿ ಐದು ಗಂಟೆಗೇ ಉಂಡೆವು. ಮಗ ಅಜ್ಜಿಯ ತೊಡೆಗೆ ಅಂಟಿ ಕುಳಿತೇ ಉಂಡ. ಆಮೇಲೆ ಕಡಲ ಮೇಲಿನ ದಿಬ್ಬದಿಂದ ಸೂರ್ಯ ಮುಳುಗುವುದನ್ನು ನಿಶ್ಚಿಂತೆಯಿಂದ ನೋಡಿದೆವು. ಬೇರೆಯವರು ಆಗಿನ್ನೂ ತಿಂಡಿ ಹುಡುಕಿಕೊಂಡು ಹೊರಟಿದ್ದರು.

ರಾತ್ರಿ ಮಡಗಾಂವಿನಲ್ಲಿದ್ದು ಬೆಳಿಗ್ಗೆ ಫೋಂಡಾ ತಾಲೂಕಿನ ಬಾಂದಿವಡೆಗೆ ಹೋದೆವು. ರಾಜ್ಯ ಕಳೆದುಕೊಂಡ ಸೋದೆಯ ಮನೆತನ ಬಂದು ನೆಲೆಸಿದ್ದು ಇಲ್ಲಿ. ಅದಕ್ಕೂ ಶತಮಾನಗಳ ಮೊದಲಿನ ನೇಮಿನಾಥ ಬಸದಿಯೊಂದು ಇದೇ ಊರಿನಲ್ಲಿ ಪಾಳುಬಿದ್ದಿದೆ. ಛಾವಣಿಯಿಲ್ಲದ ಜಂಬಿಟ್ಟಿಗೆ ಗೋಡೆಗಳು, ಒಳಗೆ ಪ್ರತಿಮೆಯಿಲ್ಲ. ರಾಜ್ಯದ ಸಂರಕ್ಷಿತ ಸ್ಮಾರಕವೆಂಬುದೇ ಸಮಾಧಾನ.

ಅಜ್ಜ ಚಪ್ಪಲಿ ಕಳಚಿದರು. ಮಗ ಸುತ್ತಲೂ ನೋಡಿ, "ದೇವರಿಲ್ಲಲ್ಲ ಅಜ್ಜಾ, ಚಪ್ಪಲಿ ಯಾಕ?" ಎಂದ. ಅಜ್ಜ ಉತ್ತರ ಕೊಡಲಿಲ್ಲ. ಗೋಡೆಗೆ ಕೈಯಿಟ್ಟು ಣಮೋಕಾರ ಹೇಳತೊಡಗಿದರು. ಸ್ವಲ್ಪ ಹೊತ್ತಿಗೆ ಅವನೂ ಬೂಟಿನ ಲಾಡಿ ಬಿಚ್ಚಿದ.

ಅಕ್ಕ ಕಾರಿನಲ್ಲಿ ಕುಳಿತು 1763, 1799, 1955, 1961 ಎಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಮುಂದಿನ ರಜೆಗೆ ಸೋದೆಗೆ ಹೋಗೋಣ, ಮಠ ನೋಡಿ ಅಲ್ಲಿಯ ಕೋಟೆಯನ್ನೂ ನೋಡೋಣ ಎಂದು ಅಜ್ಜನೇ ಹೇಳಿದರು.