ಮಗುವಿನ ನೈಟಿಗೆ ಮೂರು ಸೆಕೆಂಡಿನ ಬೆಂಕಿ



ಫೋನ್-ಇನ್ ಕಾರ್ಯಕ್ರಮ ಎಂದರೆ ಸಾಮಾನ್ಯವಾಗಿ ಹಾಡಿನ ಕೋರಿಕೆ, ಹುಟ್ಟುಹಬ್ಬದ ಶುಭಾಶಯ, ನಡುವೆ 'ನಿಮ್ಮ ದನಿ ಕೇಳಿ ಊರು ನೆನಪಾಯ್ತು' ಎನ್ನುವ ಒಂದೆರಡು ಮಾತು. ಮೊನ್ನೆ ಮಂಜಲ್‌ಪುರದಿಂದ ಕರೆ ಮಾಡಿದ ತಾಯಿಗೆ ಹಾಡು ಬೇಕಿರಲಿಲ್ಲ. ಮಾತು ಅಪ್ಪಟ ಹುಬ್ಬಳ್ಳಿ ಕಡೆಯದು. ಮನೆಯ ಹಿಂದಿನ ಕೋಣೆಯಲ್ಲಿ ನಾಲ್ಕು ಹೊಲಿಗೆ ಯಂತ್ರ ಇಟ್ಟುಕೊಂಡು ಮಕ್ಕಳ ಬಟ್ಟೆ ಹೊಲಿಸುತ್ತಾರಂತೆ. ಅಮೆರಿಕಕ್ಕೆ ಮಾಲು ಕಳಿಸುವ ವ್ಯಾಪಾರಿಯೊಬ್ಬರು ಮಕ್ಕಳ ನೈಟ್ ಡ್ರೆಸ್‌ಗೆ ಆರ್ಡರ್ ಕೊಡಲು ಬಂದಿದ್ದಾರೆ. ಜೊತೆಗೆ ನಾಲ್ಕು ಪುಟದ ಕಾಗದ. ಪ್ರತಿ ಬಟ್ಟೆಗೂ ಜಿಪಿಯು ನಂಬರ್ ಬೇಕು, ಬೆಂಕಿ ಪರೀಕ್ಷೆ ಆಗಬೇಕು, ಮೂರು ವರ್ಷ ದಾಖಲೆ ಇಡಬೇಕು. "ಫ್ರಾಕಿಗೆ ಇಲ್ಲದ ಕಾಟ ನೈಟಿಗೆ ಯಾಕ್ರೀ?" ಎಂದು ಕೇಳಿದರು.

ನಾನು ಓದಿದ್ದು ಕನ್ನಡ ಬಿ.ಎ. ಬೆಂಕಿ ಎಂದರೆ ನನಗೆ ಗೊತ್ತಿದ್ದದ್ದು ಖಾಂಡವ ದಹನ, ಲಂಕಾ ದಹನ ಅಷ್ಟೇ. 'ವಿಚಾರಿಸಿ ಹೇಳುತ್ತೇನೆ' ಅಂದೆ, ಹಾಡು ಹಾಕಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಬಟ್ಟೆ ಹೇಗೆ ಉರಿಯುತ್ತದೆ ನೋಡೋಣ. ನಾವು ಇರುವ ಜಾಗವೇ ಇದಕ್ಕೆ ಒಳ್ಳೆಯ ಪಾಠ. ಮಂಜಲ್‌ಪುರದಿಂದ ಉತ್ತರಕ್ಕೆ ನೂರಹತ್ತು ಕಿಲೋಮೀಟರ್ ಹೋದರೆ ಒಂದು ಕಾಲದ ಹತ್ತಿ ಗಿರಣಿಗಳ ಅಹಮದಾಬಾದ್, ದಕ್ಷಿಣಕ್ಕೆ ನೂರೈವತ್ತು ಹೋದರೆ ಪಾಲಿಯೆಸ್ಟರ್ ಸೀರೆಗಳ ಸೂರತ್. ಹತ್ತಿ ಬೇಗ ಹೊತ್ತಿಕೊಳ್ಳುತ್ತದೆ, ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಚಳಿಗಾಲಕ್ಕೆಂದು ನಾವು ಕೊಳ್ಳುವ ಮೆತ್ತನೆ ಫ್ಲಾನಲ್ ಹತ್ತಿಯಂತೂ ಇನ್ನೂ ಬೇಗ. ಮೇಲೆ ಎಬ್ಬಿಸಿದ ನವಿರು ಎಳೆಗಳ ನಡುವೆ ಗಾಳಿ ತುಂಬಿರುತ್ತದಲ್ಲ, ಕಿಡಿ ತಗುಲಿದರೆ ಆ ಎಳೆಗಳ ಮೇಲೇ ಜ್ವಾಲೆ ಓಡುತ್ತದೆ. ಪಾಲಿಯೆಸ್ಟರ್ ಹಾಗಲ್ಲ. ಬೆಂಕಿ ಹತ್ತಿರ ಬಂದರೆ ಕುಗ್ಗಿ ಹಿಂದೆ ಸರಿಯುತ್ತದೆ, ಕರಗಿ ತೊಟ್ಟಿಕ್ಕುತ್ತದೆ, ಎಷ್ಟೋ ಸಲ ತಾನೇ ಆರುತ್ತದೆ. ಆದರೆ ಆ ಕರಗಿದ ಹನಿ ಚರ್ಮಕ್ಕೆ ಅಂಟಿದರೆ ಆಳವಾದ ಗಾಯ. ಎರಡನ್ನೂ ಬೆರೆಸಿದರೆ ಒಳ್ಳೆಯದಾಗುತ್ತದೆ ಅಂದುಕೊಂಡರೆ ತಪ್ಪು. ಹತ್ತಿ ಬತ್ತಿಯ ಹಾಗೆ ನಿಂತು, ಕರಗುವ ಪಾಲಿಯೆಸ್ಟರನ್ನು ಎಣ್ಣೆಯ ಹಾಗೆ ಹಿಡಿದುಕೊಂಡು ಉರಿಸುತ್ತದೆ. ದೀಪದ ಬತ್ತಿ ಹೊಸೆದ ಕೈಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬಟ್ಟೆಯ ಆಕಾರ. ದೊಗಳೆ ನೈಟಿಯ ಒಳಗೂ ಹೊರಗೂ ಗಾಳಿ. ಅಂಚು ಮೊಣಕಾಲ ಕೆಳಗೆ ತೂಗುತ್ತಿರುತ್ತದೆ. ಬೆಂಕಿ ಯಾವಾಗಲೂ ಮೇಲಕ್ಕೆ ಏರುವುದರಿಂದ ಅಂಚಿಗೆ ತಗುಲಿದ್ದು ಕೆಲವೇ ಕ್ಷಣದಲ್ಲಿ ಎದೆ, ಕತ್ತಿನ ಹತ್ತಿರ. ಬೆಳಿಗ್ಗೆ ನಿದ್ದೆಗಣ್ಣಲ್ಲಿ ಅಮ್ಮನನ್ನು ಹುಡುಕಿಕೊಂಡು ಅಡುಗೆಮನೆಗೆ ಬರುವ ಮಗು, ದೇವರ ಮನೆಯಲ್ಲಿ ದೀಪ, ಚಳಿಗೆ ಇಟ್ಟ ಹೀಟರ್ — ಫ್ರಾಕಿಗೂ ನೈಟಿಗೂ ಇರುವ ವ್ಯತ್ಯಾಸ ಇಲ್ಲಿಯೇ.

ಈ ಆತಂಕ ಹಳೆಯದು. ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಬಡವರ ಮಕ್ಕಳಿಗೆ ಉಣ್ಣೆ ಕೊಡಿಸಲಾಗದೆ ಅಗ್ಗದ ಫ್ಲಾನಲೆಟ್ ಹೊದಿಸುತ್ತಿದ್ದರು, ತೆರೆದ ಒಲೆಯ ಮುಂದೆ ಅವು ಹೊತ್ತಿಕೊಳ್ಳುತ್ತಿದ್ದವು. ಪರ್ಕಿನ್ ಎಂಬ ರಸಾಯನ ವಿಜ್ಞಾನಿ ತವರದ ಲವಣ ಬಳಸಿ, ಒಗೆದರೂ ಹೋಗದ ಬೆಂಕಿನಿರೋಧಕ ಸಂಸ್ಕರಣೆ ಕಂಡುಹಿಡಿದರು. ಬಟ್ಟೆಯನ್ನು ಸುಳ್ಳೇ 'ಬೆಂಕಿ ಹತ್ತದು' ಎಂದು ಮಾರುವುದನ್ನು ತಡೆಯಲು ಅಲ್ಲಿ 1913ರಲ್ಲಿ ಕಾನೂನೇ ಬಂತು.

ಅಮೆರಿಕದಲ್ಲಿ ದಹ್ಯ ಬಟ್ಟೆಗಳ ಕಾಯ್ದೆ 1953ರದು. ಮಕ್ಕಳ ರಾತ್ರಿ ಉಡುಪಿಗೇ ಪ್ರತ್ಯೇಕ ನಿಯಮ 1971ರಲ್ಲಿ ಪ್ರಕಟವಾಗಿ ಮರುವರ್ಷ ಜಾರಿಯಾಯಿತು. ಅದು ಚಿಕ್ಕ ಅಳತೆಗಳಿಗೆ, ಅಂದರೆ ಹುಟ್ಟಿದ ಮಗುವಿನಿಂದ 6 ಎಕ್ಸ್ ತನಕ. 7ರಿಂದ 14ರ ಅಳತೆಗೆ 1975ರಲ್ಲಿ ಎರಡನೆಯ ನಿಯಮ ಜಾರಿಗೆ ಬಂತು. ಈಗ ಇವನ್ನು 1615, 1616 ಎಂಬ ಸಂಖ್ಯೆಗಳಿಂದ ಕರೆಯುತ್ತಾರೆ. ನೋಡಿಕೊಳ್ಳುವುದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಚಿಕ್ಕದಾಗಿ ಸಿಪಿಎಸ್‌ಸಿ. ನಮ್ಮ ಕೇಳುಗರ ಕಾಗದದಲ್ಲಿ ಇದ್ದದ್ದು ಇದೇ ಸಂಖ್ಯೆ.

ಪರೀಕ್ಷೆ ಕೇಳಲು ಸರಳ. ಮೂರೂವರೆ ಇಂಚು ಅಗಲ, ಹತ್ತು ಇಂಚು ಉದ್ದದ ಐದು ತುಂಡು ಕತ್ತರಿಸಿ, ಚೆನ್ನಾಗಿ ಒಣಗಿಸಿ, ಒಂದೊಂದನ್ನೇ ಪೆಟ್ಟಿಗೆಯೊಳಗೆ ನೇರ ತೂಗುಹಾಕಿ, ಕೆಳಗಿನ ಅಂಚಿಗೆ ಮೂರು ಸೆಕೆಂಡು ಜ್ವಾಲೆ ಹಿಡಿಯುತ್ತಾರೆ. ಆಮೇಲೆ ಎಷ್ಟು ಉದ್ದ ಸುಟ್ಟಿದೆ ಎಂದು ಅಳೆಯುತ್ತಾರೆ. ಐದರ ಸರಾಸರಿ ಏಳು ಇಂಚು ಮೀರಬಾರದು, ಯಾವೊಂದು ತುಂಡೂ ಹತ್ತಕ್ಕೆ ಹತ್ತು ಇಂಚು ಸುಡಬಾರದು. ಅಷ್ಟೇ ಅಲ್ಲ, ಐವತ್ತು ಸಲ ಒಗೆದ ಮೇಲೂ ಇದೇ ಫಲಿತಾಂಶ ಬರಬೇಕು. ಸಾಮಾನ್ಯ ಫ್ರಾಕಿಗೂ ಅಲ್ಲಿ ಪರೀಕ್ಷೆ ಇದೆ, ಆದರೆ ಮೃದು: ತುಂಡನ್ನು ಓರೆಯಾಗಿ ಇಟ್ಟು ಒಂದೇ ಸೆಕೆಂಡು ಜ್ವಾಲೆ. ಆ ಮೃದು ಪರೀಕ್ಷೆಯಲ್ಲೇ ನಮ್ಮ ಮಾಲು ಸೋತದ್ದುಂಟು. 1994ರಲ್ಲಿ ಭಾರತದಿಂದ ಹೋದ ತೆಳು ರೇಯಾನ್ ಲಂಗಗಳನ್ನು ಸಿಪಿಎಸ್‌ಸಿ ಅಂಗಡಿಗಳಿಂದ ವಾಪಸು ತರಿಸಿತು. ಅವು ದಿನಪತ್ರಿಕೆಗಿಂತ ಬೇಗ ಉರಿಯುತ್ತವೆ ಎಂಬ ಕಾರಣಕ್ಕೆ.

ಹಾಗಾದರೆ ಬಟ್ಟೆಗೆ ರಾಸಾಯನಿಕ ಹಾಕಿದರೆ ಆಯಿತಲ್ಲ? ಎಪ್ಪತ್ತರ ದಶಕದಲ್ಲಿ ಹಾಗೇ ಮಾಡಿದರು. ಟ್ರಿಸ್ ಎಂಬ ಬ್ರೋಮಿನ್ ಸಂಯುಕ್ತವನ್ನು ಮಕ್ಕಳ ಪೈಜಾಮಕ್ಕೆ ಹಾಕಿದರು. ಅದು ಚರ್ಮದ ಮೂಲಕ ಮಗುವಿನ ದೇಹ ಸೇರುತ್ತದೆ, ಕ್ಯಾನ್ಸರ್ ತರಬಲ್ಲದು ಎಂದು ತಿಳಿದು 1977ರ ಏಪ್ರಿಲ್‌ನಲ್ಲಿ ನಿಷೇಧ. ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ಎಂಬ ಇಬ್ಬರು ವಿಜ್ಞಾನಿಗಳು ಅದೇ ವರ್ಷ ಇದರ ಬಗ್ಗೆ ಬರೆದರು. ಕೋಪ ಬರುವ ಸಂಗತಿ ಮುಂದಿದೆ. ಅಲ್ಲಿ ಮಾರಲಾಗದೆ ಉಳಿದ ಟ್ರಿಸ್ ಬಟ್ಟೆಯನ್ನು ಬೇರೆ ದೇಶಗಳಿಗೆ ರಫ್ತು ಮಾಡಲಾಯಿತು. ಅದಕ್ಕೂ ತಡೆ ಬಿದ್ದದ್ದು 1978ರಲ್ಲಿ. ತನ್ನ ಮಗುವಿಗೆ ಬೇಡವಾದದ್ದು ಪರದೇಶದ ಮಗುವಿಗೆ ಆದೀತು ಎಂಬ ಲೆಕ್ಕ!

1996ರಲ್ಲಿ ನಿಯಮಕ್ಕೆ ತಿದ್ದುಪಡಿ ಬಂತು. ಅದು ನಮ್ಮ ಕೇಳುಗರಿಗೆ ಬಹಳ ಮುಖ್ಯ. ಮೈಗೆ ಅಂಟಿದಂತೆ ಕೂರುವ ಬಿಗಿ ಪೈಜಾಮಕ್ಕೆ ಮೇಲಿನ ಕಠಿಣ ಪರೀಕ್ಷೆಯಿಂದ ವಿನಾಯಿತಿ, ಯಾಕೆಂದರೆ ಬಟ್ಟೆಗೂ ಮೈಗೂ ನಡುವೆ ಗಾಳಿಯೇ ಇಲ್ಲ. ಹೀಗಾಗಿ ಶುದ್ಧ ಹತ್ತಿಯಲ್ಲೇ, ರಾಸಾಯನಿಕ ಇಲ್ಲದೆ ಹೊಲಿಯಬಹುದು. ಆದರೆ ಎದೆ, ಸೊಂಟ, ಪೃಷ್ಠ, ತೋಳು, ಮಣಿಕಟ್ಟು, ತೊಡೆ, ಪಾದದ ಗಂಟು ಎಲ್ಲದಕ್ಕೂ ಗರಿಷ್ಠ ಅಳತೆ ನಿಗದಿ. 'ಬೆಳೆಯೋ ಮಗು, ಸ್ವಲ್ಪ ದೊಗಳೆ ಇರಲಿ' ಎನ್ನುವ ನಮ್ಮ ಹಳೇ ಹೊಲಿಗೆ ಧರ್ಮ ಇಲ್ಲಿ ನಡೆಯದು. ಜೊತೆಗೆ ಒಂದು ಹಳದಿ ಚೀಟಿ ತೂಗಬೇಕು: ಇದು ಬೆಂಕಿನಿರೋಧಕ ಅಲ್ಲ, ಬಿಗಿಯಾಗಿ ಕೂರಬೇಕು, ಸಡಿಲ ಬಟ್ಟೆಗೆ ಬೆಂಕಿ ಹತ್ತುವ ಸಾಧ್ಯತೆ ಹೆಚ್ಚು ಎಂಬ ಅರ್ಥದ್ದು. ಒಂಬತ್ತು ತಿಂಗಳೊಳಗಿನ ಅಳತೆಯ ಶಿಶು ಉಡುಪಿಗೂ, ಉದ್ದದ ಮಿತಿಯೊಳಗೆ ಇದ್ದರೆ, ವಿನಾಯಿತಿ ಇದೆ. ಅಷ್ಟು ಚಿಕ್ಕ ಕೂಸು ತಾನಾಗಿ ಒಲೆ ಹತ್ತಿರ ಹೋಗುವುದಿಲ್ಲವಲ್ಲ. ಆದರೆ 'ಇದು ನೈಟಿ ಅಲ್ಲ, ಮನೆಯಲ್ಲಿ ಹಾಕುವ ಬಟ್ಟೆ' ಎಂದು ಲೇಬಲ್ ಬದಲಿಸಿ ಪಾರಾಗಲು ಆಗದು. ಮಗು ಅದನ್ನು ಹಾಕಿಕೊಂಡು ಮಲಗುವ ಸಂಭವ ಇದೆಯೇ ಎಂಬುದನ್ನೂ ಅವರು ನೋಡುತ್ತಾರೆ.

ಈಗ ಆ ಜಿಪಿಯು. ಗಾರ್ಮೆಂಟ್ ಪ್ರೊಡಕ್ಷನ್ ಯುನಿಟ್, ಅಂದರೆ ಒಂದು ಕಂತಿನ ಉಡುಪು. ಹೆಚ್ಚೆಂದರೆ 500 ಡಜನ್, ಅಂದರೆ ಆರು ಸಾವಿರ. ಬಟ್ಟೆಯ ಥಾನಿಗೂ ಹಾಗೇ ಕಂತು ಇದೆ, ಸಾಮಾನ್ಯವಾಗಿ 5,000 ಗಜಕ್ಕೆ ಒಂದು. ಬಟ್ಟೆ ಪಾಸಾದರೆ ಮುಗಿಯಲಿಲ್ಲ. ಹೊಲಿಗೆಯೂ ಪಾಸಾಗಬೇಕು, ಏಕೆಂದರೆ ಹೊಲಿದ ದಾರವೇ ಬತ್ತಿಯಾಗಬಹುದು. ಪ್ರತಿ ಕಂತಿನಿಂದ ಕನಿಷ್ಠ ಮೂರು ಉಡುಪು ಆರಿಸಿ, ಒಂದೊಂದರಿಂದ ಹೊಲಿಗೆ ಇರುವ ಐದೈದು ತುಂಡು ಕತ್ತರಿಸಿ ಸುಡುತ್ತಾರೆ. ಲೇಸು, ಅಂಚುಪಟ್ಟಿಯಂಥ ಅಲಂಕಾರಕ್ಕೂ ಮೊದಲ ಮಾದರಿ ಹಂತದಲ್ಲಿ ಪರೀಕ್ಷೆ ಉಂಟು. ಹಾಗಾಗಿ ಆರ್ಡರ್ ನಡುವೆ ದಾರ ಮುಗಿಯಿತೆಂದು ಮೂಲೆಯಂಗಡಿಯಿಂದ ಬೇರೆ ದಾರ ತಂದರೆ ಹಿಂದಿನ ಪರೀಕ್ಷೆ ವ್ಯರ್ಥ.

ದಾಖಲೆ ಏನು ಅಂದರೆ ಇದೆಲ್ಲದರ ಜಾತಕ. ಯಾವ ಥಾನು, ಯಾರಿಂದ ಬಂತು, ಯಾವ ಸಂಸ್ಕರಣೆ, ಯಾವ ಕಂತಿಗೆ ಹೋಯಿತು, ಯಾವ ದಿನ ಪರೀಕ್ಷೆ, ಎಷ್ಟು ಇಂಚು ಸುಟ್ಟಿತು. ಫೇಲಾದ ಲೆಕ್ಕವೂ ಬೇಕು, ಫೇಲಾದ ಮಾಲು ಎಲ್ಲಿಗೆ ಹೋಯಿತು ಎಂಬುದೂ ಬೇಕು. ಹೆಚ್ಚಿನವರು ಎಡವುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಪಾಸಾದ ಕಾಗದಕ್ಕೆ ಚೌಕಟ್ಟು ಹಾಕಿಸುತ್ತೇವೆ, ಫೇಲಾದದ್ದನ್ನು ಒಲೆಗೆ ಹಾಕುತ್ತೇವೆ. ಇವನ್ನೆಲ್ಲ ಮೂರು ವರ್ಷ ಇಡಬೇಕು. ಉಡುಪಿನ ಮೇಲಿನ ಸಂಖ್ಯೆ ಈ ಪುಸ್ತಕದ ಸಾಲಿಗೆ ಕರೆದೊಯ್ಯಬೇಕು. ನಾಳೆ ಒಂದು ನೈಟಿಯಲ್ಲಿ ದೋಷ ಕಂಡರೆ ಆ ಕಂತಿನ ಆರು ಸಾವಿರವನ್ನಷ್ಟೇ ವಾಪಸು ತರಿಸಬಹುದು. ಸಂಖ್ಯೆ ಇಲ್ಲದಿದ್ದರೆ ಕಳಿಸಿದ್ದೆಲ್ಲವೂ ವಾಪಸು. 2008ರ ಕಾನೂನಿನ ನಂತರ ಮಕ್ಕಳ ಉತ್ಪನ್ನಕ್ಕೆ ಸಿಪಿಎಸ್‌ಸಿ ಒಪ್ಪಿದ ಹೊರಗಿನ ಪ್ರಯೋಗಾಲಯದ ಪರೀಕ್ಷೆ ಮತ್ತು ಒಂದು ಪ್ರಮಾಣಪತ್ರ ಕಡ್ಡಾಯ. ದಾಖಲೆ ಯಾರ ಬಳಿ ಇದೆ ಎಂಬುದೂ ಆ ಪತ್ರದಲ್ಲಿ ಇರಬೇಕು. ಒಪ್ಪಿದ ಪ್ರಯೋಗಾಲಯಗಳ ಪಟ್ಟಿ ಆಯೋಗದ ತಾಣದಲ್ಲಿದೆ, ಹೆಸರು ನೋಡದೆ ಯಾರಿಗೂ ದುಡ್ಡು ಕಟ್ಟಬೇಡಿ. ಬಟ್ಟೆಯ ಬಗ್ಗೆ ತಿಳಿಯಲು ಮಾತ್ರ ದೂರ ಹೋಗಬೇಕಿಲ್ಲ: ಅಹಮದಾಬಾದಿನಲ್ಲಿ 1947ರಲ್ಲಿ ಶುರುವಾದ ಅಟಿರಾ, ಸೂರತ್‌ನಲ್ಲಿ ಮಂತ್ರ, ಇಲ್ಲೇ ನಮ್ಮ ಎಂ.ಎಸ್. ವಿಶ್ವವಿದ್ಯಾಲಯದ ಜವಳಿ ವಿಭಾಗ ಇವೆ.

ಕಾಗದದ ಬೆಲೆ ಗುಜರಾತಿಗೆ ಗೊತ್ತಿಲ್ಲದ್ದಲ್ಲ. 2016ರ ಆಗಸ್ಟ್‌ನಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿ ಸರಣಿ, ಇಲ್ಲಿ ಗಿರಣಿಗಳಿರುವ ವೆಲ್‌ಸ್ಪನ್ ಕಂಪನಿಯೊಂದಿಗೆ ವ್ಯಾಪಾರ ಕಡಿದುಕೊಂಡಿತು. ಈಜಿಪ್ಟಿನ ಹತ್ತಿ ಎಂದು ಮಾರಿದ ಹಾಸುಬಟ್ಟೆಗಳಲ್ಲಿ ಬೇರೆ ಹತ್ತಿ ಇತ್ತು ಎಂದು ಟಾರ್ಗೆಟ್ ಹೇಳಿತು. ಅಲ್ಲಿ ಬೆಂಕಿಯ ಪ್ರಶ್ನೆ ಇರಲಿಲ್ಲ, ನೂಲು ಎಲ್ಲಿಂದ ಬಂತು ಎಂಬ ಪ್ರಶ್ನೆ ಮಾತ್ರ. ಆಮೇಲೆ ಕಂಪನಿ ಹತ್ತಿಯ ಜಾಡು ಹಿಡಿಯುವ ವ್ಯವಸ್ಥೆಯನ್ನೇ ತಂದಿತು.

ಇಷ್ಟೆಲ್ಲ ಅಮೆರಿಕದ ಮಗುವಿಗೆ. ನಮ್ಮ ಮಗುವಿಗೆ? ಇಂಥ ಪ್ರತ್ಯೇಕ ಕಡ್ಡಾಯ ಪರೀಕ್ಷೆ ಮಕ್ಕಳ ರಾತ್ರಿ ಉಡುಪಿಗೆ ನಮ್ಮಲ್ಲಿ ಇಲ್ಲ. ವಿಚಿತ್ರ ನೋಡಿ, 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಅದರಲ್ಲಿ ಬೆಂಕಿ ಪರೀಕ್ಷೆಯೂ ಸೇರಿದೆ, ವೇಷದ ಆಟಿಕೆ ಉಡುಪಿಗೂ ಅದು ಅನ್ವಯ. ಹುಲಿವೇಷಕ್ಕೆ ಇರುವ ಕಾವಲು ಮಲಗುವ ಬಟ್ಟೆಗೆ ಇಲ್ಲ. ಸೂರತ್‌ನ ತಕ್ಷಶಿಲಾ ಕಟ್ಟಡದಲ್ಲಿ 2019ರ ಮೇ 24ರಂದು 22 ಮಕ್ಕಳನ್ನು ಕಳೆದುಕೊಂಡ ರಾಜ್ಯ ಇದು. ಅಂದಿನಿಂದ ಕಟ್ಟಡದ ಬಗ್ಗೆ ಮಾತಾಡುತ್ತೇವೆ. ಮೈಮೇಲಿನ ಬಟ್ಟೆಯ ಬಗ್ಗೆ ಅಲ್ಲ.

ಕೊನೆಗೆ ಹೇಳುತ್ತೇನೆ ಎಂದೆನಲ್ಲ. ನಾನು ರಾಣೆಬೆನ್ನೂರಿನಲ್ಲಿ ಮೂರನೇ ಕ್ಲಾಸಿನಲ್ಲಿದ್ದಾಗ, ದೀಪಾವಳಿ ಬೆಳಗಿನ ಜಾವ, ಚಿಕ್ಕಪ್ಪನ ಮಗಳು ಹೊಸಿಲ ದೀಪ ದಾಟುವಾಗ ಅವಳ ದೊಗಳೆ ನೈಟಿಗೆ ಬೆಂಕಿ ಹತ್ತಿತು. ಅವಳು ಓಡಿದಳು. ಓಡಿದರೆ ಗಾಳಿ ಸಿಕ್ಕಿ ಬೆಂಕಿ ಹೆಚ್ಚುತ್ತದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಕಂಬಳಿ ಎಸೆದು ನೆಲಕ್ಕೆ ಉರುಳಿಸಿದ್ದರಿಂದ ಬದುಕಿದಳು. ಉಣ್ಣೆ ಬೇಗ ಹೊತ್ತದು ಎಂದು ಅಜ್ಜಿ ಎಲ್ಲೂ ಓದಿರಲಿಲ್ಲ, ಕೈಗೆ ಸಿಕ್ಕಿದ್ದು ಅದು. ಆಮೇಲೆ ಯಾರೋ ಗಾಯಕ್ಕೆ ಶಾಯಿ ಹಚ್ಚಿದರು. ಬೇಕಿದ್ದದ್ದು ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಈಗ ಆದರೆ 108ಕ್ಕೆ ಫೋನು ಮಾಡಬಹುದು. ಅವಳಿಗೆ ಇಂದಿಗೂ ತುಂಬುತೋಳಿನ ರವಿಕೆಯೇ ಬೇಕು.

ಮಂಜಲ್‌ಪುರದ ತಾಯಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಬಿಗಿ ಅಳತೆಯ ಹತ್ತಿ ಪೈಜಾಮ ಹೊಲಿಯಲು ಒಪ್ಪುತ್ತೇನೆ, ನೈಟಿ ಬೇಡ ಅಂದಿದ್ದೇನೆ ಎಂದರು. ಉದ್ದನೆಯ ಲೆಕ್ಕದ ಪುಸ್ತಕ ತಂದಿದ್ದಾರಂತೆ. ಪ್ರತಿ ಪುಟಕ್ಕೆ ಒಂದು ತುಂಡು ಬಟ್ಟೆ, ಒಂದು ಎಳೆ ದಾರ, ಅಂಗಡಿಯ ಬಿಲ್ಲು ಪಿನ್ ಮಾಡಿ, ಪಕ್ಕದಲ್ಲಿ ಕಂತಿನ ಸಂಖ್ಯೆ. ಬರೆಯುವ ಕೆಲಸ ಹತ್ತನೇ ಕ್ಲಾಸಿನ ಮಗಳದು, ಒಂದು ಸಾಲಿಗೆ ಒಂದು ರೂಪಾಯಿ. ಮೊಮ್ಮಗನ ಹಳೇ ದೊಗಳೆ ಜುಬ್ಬಾ ಮಲಗುವಾಗ ಹಾಕುವುದು ಬಿಟ್ಟೆವು ಅಂತಲೂ ಹೇಳಿ, ಈ ಸಲ ಹಾಡಿನ ಕೋರಿಕೆಯನ್ನೂ ಕೊಟ್ಟರು. ಬುಧವಾರ ಹಾಕುತ್ತೇನೆ.