ಮದ್ದು ಕೊಡುವ ಕೈಗೆ ಒಂದು ನಂಬರು

ಬಿ.ಸಿ. ರೋಡಿನ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ, ಬೆಳ್ತಂಗಡಿಯ ಮುಖ್ಯರಸ್ತೆಯಲ್ಲಾಗಲಿ, ಮೂಡುಬಿದಿರೆಯ ಪೇಟೆಯಲ್ಲಾಗಲಿ, ಯಾವ ಮೆಡಿಕಲ್‌ಗೆ ಹೋದರೂ ಗೋಡೆಯಲ್ಲಿ ದೇವರ ಪಟದ ಆಚೀಚೆ ಕೆಲವು ಚೌಕಟ್ಟುಗಳು ಕಾಣುತ್ತವೆ. ಒಂದು ಫಾರ್ಮ್ 20, ಇನ್ನೊಂದು ಫಾರ್ಮ್ 21. ಇವೆರಡೂ ಅಂಗಡಿಯ ಲೈಸೆನ್ಸು. ಮೂರನೆಯದು ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನ ನೋಂದಣಿ ಪತ್ರ. ಅದು ಅಂಗಡಿಗೆ ಸೇರಿದ್ದಲ್ಲ, ಒಬ್ಬ ಮನುಷ್ಯನಿಗೆ ಸೇರಿದ್ದು. ಅದರಲ್ಲಿ ಒಂದು ಹೆಸರಿದೆ, ಒಂದು ನಂಬರಿದೆ. ವೈದ್ಯರ ಚೀಟಿ ನೋಡಿ ಮದ್ದು ಕೊಡಬೇಕಾದವರು, ಇಲ್ಲವೇ ಪಕ್ಕದಲ್ಲಿದ್ದು ಕೊಡಿಸಬೇಕಾದವರು ಆ ಹೆಸರಿನವರೇ. ಧರ್ಮಸ್ಥಳದ ಬಸ್ಸಿಗೆ ಹೊತ್ತಾಯಿತೆಂದು ಅವಸರದಲ್ಲಿ ಚೀಟಿ ಚಾಚುವ ಗಿರಾಕಿಗೆ ಅದನ್ನು ಓದುವ ಪುರುಸೊತ್ತಿಲ್ಲ. ಆದರೆ ಆ ಕಾಗದ ಗೋಡೆಗೆ ಬರುವುದಕ್ಕೆ ಹಿಡಿದ ಕಾಲ ಸಣ್ಣದಲ್ಲ.

ನಮ್ಮ ಕಡೆ ಎಪ್ಪತ್ತು ದಾಟಿದವರಿಗೆ ಮೆಡಿಕಲ್‌ಗಿಂತ ಮೊದಲು ನೆನಪಾಗುವುದು ಕಂಪೌಂಡರು. ಒಳಗೆ ಡಾಕ್ಟರು, ಹೊರಗೆ ಬೆಂಚು, ನಡುವಿನ ಹಲಗೆ ಗೋಡೆಯಲ್ಲೊಂದು ಕಿಂಡಿ. ಮನೆಯಿಂದ ತೊಳೆದು ತಂದ ಬಾಟಲಿಯನ್ನು ಆ ಕಿಂಡಿಯೊಳಗೆ ಕೊಡಬೇಕು. ಕಂಪೌಂಡರು ಅಳತೆಯ ಗ್ಲಾಸಿನಲ್ಲಿ ಒಂದೊಂದೇ ದ್ರಾವಣ ಅಳೆದು ಬೆರೆಸಿ ಮಿಕ್ಸ್‌ಚರ್ ತುಂಬಿಸುತ್ತಿದ್ದರು. ಆಮೇಲೆ ಕಾಗದದ ಪಟ್ಟಿಯೊಂದನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಬಾಟಲಿಯ ಬದಿಗೆ ಅಂಟಿಸುತ್ತಿದ್ದರು. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಒಂದು ಹೊತ್ತಿನ ಮದ್ದು. ಅಕ್ಷರ ಬಾರದ ಅಜ್ಜಿಗೂ ಲೆಕ್ಕ ತಪ್ಪುತ್ತಿರಲಿಲ್ಲ. ಈ ಕೆಲಸಕ್ಕೆ ಹೆಚ್ಚಿನವರಿಗೆ ಪರೀಕ್ಷೆಯೂ ಇರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ. ಡಾಕ್ಟರ ಬಳಿ ಹುಡುಗನಾಗಿ ಸೇರಿ, ಬಾಟಲಿ ತೊಳೆದು, ನೋಡಿ ನೋಡಿ ಕಲಿತದ್ದು. ಅವರಲ್ಲಿ ಬಹಳ ನಂಬಿಕಸ್ತರಿದ್ದರು. ಗ್ರೇನು, ಡ್ರಾಮುಗಳ ಲೆಕ್ಕ ಬಾಯಿಗೆ ಬರುತ್ತಿದ್ದವರಿದ್ದರು. ಕೈ ತಪ್ಪಿದಾಗ ಕೇಳುವವರು ಮಾತ್ರ ಯಾರೂ ಇರಲಿಲ್ಲ. ಡಾಕ್ಟರು ತಮ್ಮದೇ ರೋಗಿಗೆ ತಾವೇ ಮದ್ದು ಕೊಡುವುದನ್ನು ಕಾನೂನು ಇವತ್ತಿಗೂ ತಡೆಯುವುದಿಲ್ಲ, ಹಾಗಾಗಿ ಆ ಕಿಂಡಿ ಪೂರ್ತಿ ಮುಚ್ಚಿಲ್ಲ.

ದೊಡ್ಡ ಊರುಗಳಲ್ಲೂ ಆಗ ಕಟ್ಟುಪಾಡು ಇದ್ದದ್ದು ಅಷ್ಟಕ್ಕಷ್ಟೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೊಪಥಿ ಮದ್ದು ಹಂಚತೊಡಗಿದಾಗ ಅವರಿಂದ ಔಷಧ ವಿತರಣೆಯ ಅರ್ಹತೆ ಕೇಳುವ ಕಾಯ್ದೆ ದೇಶದಲ್ಲೇ ಇರಲಿಲ್ಲ. ಸೇವೆಗೆ ನಿಂತವರಿಗೆ ಅದು ಅನುಕೂಲವಾಯಿತು, ಮೋಸಕ್ಕೆ ನಿಂತವರಿಗೂ ಅನುಕೂಲವಾಯಿತು.

ಮೋಸ ಬಯಲಾದದ್ದು ಕ್ವಿನೈನ್‌ನಿಂದ. ಚಾರ್ಮಾಡಿ, ಶಿಶಿಲ, ನೆರಿಯದಂಥ ಘಟ್ಟದ ಬುಡದ ಊರುಗಳಿಗೆ ಚಳಿಜ್ವರ ಹೊಸ ಮಾತಲ್ಲ. ದಕ್ಷಿಣ ಕನ್ನಡ ಅಂದು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಸರಕಾರಿ ಕ್ವಿನೈನ್ ತಯಾರಾಗುತ್ತಿದ್ದದ್ದು ನೀಲಗಿರಿಯ ನಡುವಟ್ಟದಲ್ಲಿ, ಅಲ್ಲಿಯೇ ಬೆಳೆಸಿದ ಸಿಂಕೋನಾ ಮರದ ತೊಗಟೆಯಿಂದ. ದೇಶಕ್ಕೆ ಬೇಕಾದಷ್ಟು ಸಿಗುತ್ತಿರಲಿಲ್ಲ, ಬೆಲೆ ಹೆಚ್ಚಿತ್ತು. ಬೆಲೆಬಾಳುವ ಬಿಳಿ ಪುಡಿಗೆ ಇನ್ನಾವುದೋ ಬಿಳಿ ಪುಡಿ ಬೆರೆಸಿ ಮಾರುವವರು ಎಲ್ಲ ಕಡೆ ಹುಟ್ಟಿಕೊಂಡರು. ಮಾತ್ರೆ ನುಂಗಿದರೂ ಜ್ವರ ಬಿಡದಿದ್ದರೆ ಬಡವ ತನ್ನ ಹಣೆಬರಹವೆಂದುಕೊಳ್ಳುತ್ತಾನೆ. ಪುಡಿಯನ್ನು ಪರೀಕ್ಷೆಗೆ ಕಳಿಸುವುದಿಲ್ಲ. 1927ರ ಮಾರ್ಚಿನಲ್ಲಿ ಸರ್ ಹಾರೂನ್ ಜಾಫರ್ ದಿಲ್ಲಿಯ ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿ ಈ ಕಲಬೆರಕೆಯ ವಿಷಯ ಎತ್ತಿದರು. 1930ರ ಆಗಸ್ಟಿನಲ್ಲಿ ಸರಕಾರ ಔಷಧ ವಿಚಾರಣಾ ಸಮಿತಿ ನೇಮಿಸಿತು. ಕಲ್ಕತ್ತೆಯ ಉಷ್ಣವಲಯ ವೈದ್ಯ ಶಾಲೆಯಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದ ಕರ್ನಲ್ ರಾಮನಾಥ ಚೋಪ್ರಾ ಅದರ ಅಧ್ಯಕ್ಷರು.

ಚೋಪ್ರಾ ಸಮಿತಿ ಮದ್ದನ್ನಷ್ಟೇ ನೋಡಲಿಲ್ಲ, ಮದ್ದು ಕೊಡುವ ಮನುಷ್ಯನನ್ನೂ ನೋಡಿತು. ಈ ದೇಶದಲ್ಲಿ ಅವನಿಗೆ ತರಬೇತಿ ಇಲ್ಲ, ಹತೋಟಿ ಇಲ್ಲ ಎಂದು ಕಂಡುಕೊಂಡು, ಪುಡಿ ಶುದ್ಧವಾಗಿದ್ದರೆ ಸಾಲದು, ಕೈಯೂ ಬಲ್ಲದ್ದಾಗಿರಬೇಕು ಎಂಬ ದಾರಿಗೆ ಸರಕಾರವನ್ನು ಎಳೆಯಿತು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ. ಮದ್ದಿಗೆ ಸಂಬಂಧಿಸಿದ ಕಾಯ್ದೆ 1940ರಲ್ಲಿ ಬಂತು, ಅದರ ನಿಯಮಗಳು 1945ರಲ್ಲಿ. ಮನುಷ್ಯನಿಗೆ ಸಂಬಂಧಿಸಿದ ಫಾರ್ಮಸಿ ಕಾಯ್ದೆ 1948ರ ಮಾರ್ಚ್ 4ರಂದು ಬಂತು, ಸ್ವಾತಂತ್ರ್ಯಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರೊಳಗೆ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಈ ವಿದ್ಯೆಯನ್ನು ಕಾಲೇಜಿಗೆ ತಂದಿದ್ದರು. 1949ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ರಚನೆಯಾಯಿತು, 1953ರಲ್ಲಿ ಮೊದಲ ಶಿಕ್ಷಣ ನಿಯಮಾವಳಿ.

ಈಗ ಕಂಪೌಂಡರ ಕಡೆಗೆ ಬರೋಣ. ರಾತ್ರಿ ಬೆಳಗಾಗುವುದರೊಳಗೆ ಅವರನ್ನೆಲ್ಲ ಮನೆಗೆ ಕಳಿಸಿದರೆ ಊರಿಗೆ ಮದ್ದು ಕೊಡುವವರಾರು? ಕಾಯ್ದೆ ಬರೆದವರಿಗೆ ಈ ಎಚ್ಚರವಿತ್ತು. ಫಾರ್ಮಸಿಸ್ಟರ ಮೊದಲ ರಿಜಿಸ್ಟರಿನಲ್ಲಿ ಡಿಪ್ಲೊಮಾ, ಪದವಿ ಇದ್ದವರ ಜೊತೆಗೆ, ಆಸ್ಪತ್ರೆಯಲ್ಲೋ ಡಿಸ್ಪೆನ್ಸರಿಯಲ್ಲೋ ಒಟ್ಟು ಐದು ವರ್ಷಕ್ಕೆ ಕಡಿಮೆಯಿಲ್ಲದೆ ಮದ್ದು ಬೆರೆಸಿದವರೂ ಹೆಸರು ಬರೆಸಬಹುದಿತ್ತು. ಮದ್ದಿನಂಗಡಿಗಳಿಗೆ ಬೇರೊಂದು ಬಾಗಿಲಿತ್ತು. ಮದ್ದು ಕೊಟ್ಟ ನಾಲ್ಕು ವರ್ಷದ ಅನುಭವ ಇದ್ದವರನ್ನು ಲೈಸೆನ್ಸು ಕೊಡುವ ಅಧಿಕಾರಿ ‘ಅರ್ಹ ವ್ಯಕ್ತಿ’ ಎಂದು ಒಪ್ಪಬಹುದಿತ್ತು. ಆ ಬಾಗಿಲು 1969ರ ಡಿಸೆಂಬರ್ 31ಕ್ಕೆ ಮುಚ್ಚಿತು. ಅಲ್ಲಿಂದಾಚೆಗೆ ಅಂಗಡಿಯಲ್ಲಿ ಎಷ್ಟು ವರ್ಷ ದುಡಿದರೂ ಅದು ಬರೀ ದುಡಿಮೆ, ಅರ್ಹತೆಯಲ್ಲ.

ನಮ್ಮ ಜಿಲ್ಲೆಗೆ ಈ ನಡುವೆ ಇನ್ನೊಂದು ಬದಲಾವಣೆ ಆಯಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಕಾಗದಪತ್ರಕ್ಕೆ ಮದ್ರಾಸಿನ ಕಡೆ ಮುಖ ಮಾಡಿದ್ದವರು ಬೆಂಗಳೂರಿನ ಕಡೆ ತಿರುಗಿದರು. 1963ರಲ್ಲಿ ಮಣಿಪಾಲದಲ್ಲಿ ಫಾರ್ಮಸಿ ಕಾಲೇಜು ಶುರುವಾಯಿತು. ಬಂಟ್ವಾಳದ ಹುಡುಗನಿಗೆ, ಮೂಡುಬಿದಿರೆಯ ಹುಡುಗಿಗೆ ಬಸ್ಸು ಹತ್ತಿ ಹೋಗಬಹುದಾದ ದೂರದಲ್ಲಿ ಈ ವಿದ್ಯೆ ಸಿಕ್ಕಿತು. ದೇರಳಕಟ್ಟೆ, ವಳಚ್ಚಿಲ್, ವಾಮಂಜೂರು ಎಂದು ಕಾಲೇಜುಗಳು ಆಮೇಲೆ ಒಂದೊಂದಾಗಿ ಹತ್ತಿರ ಹತ್ತಿರಕ್ಕೆ ಬಂದವು.

ಇಷ್ಟೆಲ್ಲ ಆದರೂ ಫಾರ್ಮಸಿ ಕಾಯ್ದೆಯ ಹಲ್ಲು ಎನ್ನಬಹುದಾದ 42ನೆಯ ಕಲಂ ಮಲಗಿಯೇ ಇತ್ತು. ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ಚೀಟಿಯ ಮದ್ದು ಬೆರೆಸುವಂತಿಲ್ಲ, ಕೊಡುವಂತಿಲ್ಲ ಎಂಬುದು ಅದರ ತಿರುಳು. ರಾಜ್ಯ ಸರಕಾರಗಳು ದಿನಾಂಕ ಗೊತ್ತುಮಾಡಬೇಕಿತ್ತು. ಮಾಡದೆ ಮುಂದೂಡುತ್ತ ಬಂದವು. ಕೊನೆಗೆ 1976ರ ತಿದ್ದುಪಡಿ ಎಂಟು ವರ್ಷದ ಗಡುವು ಹಾಕಿತು. ಹಾಗಾಗಿ 1984ರ ಸೆಪ್ಟೆಂಬರ್ 1ರಿಂದ ಅದು ದಿನಾಂಕ ಗೊತ್ತುಮಾಡದ ರಾಜ್ಯಗಳಲ್ಲೂ ಜಾರಿಗೆ ಬಂತು. ಕಾಯ್ದೆ ಹುಟ್ಟಿದ ಮೂವತ್ತಾರು ವರ್ಷಕ್ಕೆ!

ಇಂದು ಬೆಳ್ತಂಗಡಿಯ ಹುಡುಗಿಯೊಬ್ಬಳಿಗೆ ಆ ನಂಬರು ಬೇಕೆಂದರೆ ದಾರಿ ಹೀಗಿದೆ. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು: ಭೌತಶಾಸ್ತ್ರ, ರಸಾಯನಶಾಸ್ತ್ರ, ಅವುಗಳ ಜೊತೆ ಜೀವಶಾಸ್ತ್ರ ಅಥವಾ ಗಣಿತ. ಬಿ.ಫಾರ್ಮ ಆದರೆ ನಾಲ್ಕು ವರ್ಷ. ಹೆಚ್ಚಿನವರು ಹಿಡಿಯುವ ಹತ್ತಿರದ ದಾರಿ ಡಿ.ಫಾರ್ಮ, ಎರಡು ವರ್ಷ. ಅದರ ಪರೀಕ್ಷೆ ನಡೆಸುವುದು ವಿಶ್ವವಿದ್ಯಾಲಯವಲ್ಲ, ರಾಜ್ಯ ಸರಕಾರದ ಪರೀಕ್ಷಾ ಮಂಡಳಿ. ಓದು ಮುಗಿದ ಮೇಲೆ ಮೂರು ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ 500 ಗಂಟೆ ತರಬೇತಿ. ಅದರಲ್ಲಿ 250 ಗಂಟೆಯಾದರೂ ಚೀಟಿ ನೋಡಿ ಮದ್ದು ಕೊಡುವುದಕ್ಕೇ ಮೀಸಲಿರಬೇಕು ಎಂದು 1991ರ ನಿಯಮಾವಳಿ ಹೇಳಿತ್ತು. ಪುಸ್ತಕದಲ್ಲಿ ಓದಿದ ಮದ್ದಿನ ಹೆಸರು ಮತ್ತು ಡಾಕ್ಟರ ಕೈಬರಹ ಒಂದಾಗುವುದು ಈ 250 ಗಂಟೆಗಳಲ್ಲೇ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಇದನ್ನು ಮುಗಿಸಿಬಿಡುವವರು ತಮಗೇ ನಷ್ಟ ಮಾಡಿಕೊಳ್ಳುತ್ತಾರೆ, ಮುಂದೆ ತಮ್ಮ ಗಿರಾಕಿಗೂ.

ಮೊದಲು ಇಷ್ಟಾದರೆ ಅರ್ಜಿ ಹಿಡಿದು ಬೆಂಗಳೂರಿನ ವಿಜಯನಗರದಲ್ಲಿರುವ ಪರಿಷತ್ತಿನ ಕಚೇರಿಗೆ ಹೋಗಬಹುದಿತ್ತು. 2022ರ ನಿಯಮಾವಳಿ ನಡುವೆ ಇನ್ನೊಂದು ಹೊಸ್ತಿಲು ಕಟ್ಟಿತು: ನಿರ್ಗಮನ ಪರೀಕ್ಷೆ. ಮೂರು ಪತ್ರಿಕೆ, ಪ್ರತಿಯೊಂದರಲ್ಲೂ ಶೇ 50 ಅಂಕ. ಇಡೀ ದೇಶಕ್ಕೆ ಒಂದೇ ಪರೀಕ್ಷೆ, ಭಾಷೆ ಇಂಗ್ಲಿಷ್. ಮೊದಲ ಸಲ ನಡೆದದ್ದು 2024ರ ಅಕ್ಟೋಬರಿನಲ್ಲಿ. ಹೆಸರಿಗೆ ಮಾತ್ರ ನಡೆಯುವ ಕಾಲೇಜುಗಳಿಂದ ಹೊರಬಂದವರನ್ನು ಜರಡಿ ಹಿಡಿಯಲು ಇದು ಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ಎಂಬುದನ್ನು ಒಪ್ಪಲಾರೆ. ಆ ಹುಡುಗಿ ನಾಳೆ ಕೌಂಟರಿನಲ್ಲಿ ನಿಂತು ತುಳು, ಕನ್ನಡ, ಬ್ಯಾರಿ, ಕೊಂಕಣಿಗಳಲ್ಲಿ ‘ಊಟ ಆದ ಮೇಲೆ ಅಜ್ಜಿ, ಖಾಲಿ ಹೊಟ್ಟೆಗೆ ಬೇಡ’ ಎಂದು ಹೇಳಬೇಕಾದವಳು. ಆ ಸಾಮರ್ಥ್ಯವನ್ನು ಮೂರರಲ್ಲಿ ಒಂದು ಪತ್ರಿಕೆಯೂ ಅಳೆಯುವುದಿಲ್ಲ.

ಸ್ವಂತ ಮೆಡಿಕಲ್ ಹಾಕುವುದಾದರೆ ಮತ್ತೆ ಬೇರೆ ಕಾಗದ. ಅಂಗಡಿ 10 ಚದರ ಮೀಟರಿಗೆ ಕಡಿಮೆ ಇರಬಾರದು. ಇನ್ಸುಲಿನ್‌ನಂಥವನ್ನು ಎರಡರಿಂದ ಎಂಟು ಡಿಗ್ರಿಯಲ್ಲಿಡಲು ಫ್ರಿಜ್ ಬೇಕು. ಆಟಿ ತಿಂಗಳ ಗಾಳಿಮಳೆಗೆ ಕಂಬ ಬಿದ್ದು ಕರೆಂಟು ಹೋದರೆ ಆ ಫ್ರಿಜ್ಜಿನದೇ ಚಿಂತೆ. ಎಚ್1 ಪಟ್ಟಿಯ ಆ್ಯಂಟಿಬಯೋಟಿಕ್, ಕ್ಷಯದ ಮದ್ದುಗಳನ್ನು ಕೊಟ್ಟಾಗ 2014ರಿಂದ ಈಚೆಗೆ ಬೇರೆಯೇ ಪುಸ್ತಕದಲ್ಲಿ ರೋಗಿ, ಡಾಕ್ಟರು, ಮದ್ದು, ಪ್ರಮಾಣ ಬರೆದು ಮೂರು ವರ್ಷ ಇಡಬೇಕು. ಮೂಡುಬಿದಿರೆಯಂಥ ಆಯುರ್ವೇದದ ಊರಿನಲ್ಲಿ ಒಂದು ವಿಚಿತ್ರ ಸ್ಥಿತಿಯಿದೆ. ಕಷಾಯ, ಲೇಹ್ಯ ತಯಾರಿಸುವವರಿಗೆ ಲೈಸೆನ್ಸು ಬೇಕು, ಮಾರುವ ಅಂಗಡಿಗೆ ಬೇಡ. ಒಂದೇ ಗೋಡೆಯ ಆಚೆಗೊಂದು ನ್ಯಾಯ, ಈಚೆಗೊಂದು ನ್ಯಾಯ. ಇನ್ನು ಸಾವಿರ ಜನವೂ ಇಲ್ಲದ ಹಳ್ಳಿಗಳಿಗೆ ಕಾನೂನು ವಿನಾಯಿತಿ ಕೊಟ್ಟಿದೆ. ಪ್ಯಾರಾಸಿಟಮಾಲ್, ನೋವಿನ ಬಾಮು, ಮಕ್ಕಳ ಗ್ರೈಪ್ ವಾಟರ್, ಹರಳೆಣ್ಣೆಯಂಥ ಮನೆಮದ್ದುಗಳನ್ನು ಒಡೆಯದ ಪೊಟ್ಟಣದಲ್ಲೇ ಜಿನಸಿನ ಅಂಗಡಿಯವರೂ ಮಾರಬಹುದು. ಘಟ್ಟದ ಬುಡದ ಒಂಟಿ ಮನೆಗಳಿಗೆ ಮಳೆಗಾಲದ ರಾತ್ರಿ ಇದೇ ಆಧಾರ.

ಈಗ ಕಹಿ ವಿಷಯ. ಸರ್ಟಿಫಿಕೇಟನ್ನು ಬಾಡಿಗೆಗೆ ಕೊಡುವ ರೂಢಿ ದೇಶದುದ್ದಕ್ಕೂ ಇದೆ. ಹೆಸರು ಇಲ್ಲಿ ಗೋಡೆಯ ಮೇಲೆ, ಮನುಷ್ಯ ಇನ್ನೆಲ್ಲೋ ಬೇರೆ ನೌಕರಿಯಲ್ಲಿ. 2015ರ ವೃತ್ತಿ ನಿಯಮಾವಳಿ ಫಾರ್ಮಸಿಸ್ಟರು ಬಿಳಿ ಕೋಟು ಹಾಕಬೇಕು, ಹೆಸರು, ನೋಂದಣಿ ಸಂಖ್ಯೆ ಇರುವ ಬಿಲ್ಲೆ ಧರಿಸಬೇಕು ಎಂದದ್ದು ಸುಮ್ಮನೆ ಅಲ್ಲ. ಗೋಡೆಯ ಹೆಸರು ಮತ್ತು ಎದುರಿನ ಮುಖ ಒಂದೇ ಹೌದೋ ಎಂದು ಗಿರಾಕಿಗೆ ಗೊತ್ತಾಗಲಿ ಎಂದು. ಬಿಹಾರದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2022ರ ನವೆಂಬರಿನಲ್ಲಿ, ನೋಂದಾಯಿತ ಫಾರ್ಮಸಿಸ್ಟ್ ಇಲ್ಲದೆ ಮದ್ದು ಕೊಡಲು ಬಿಡುವುದು ಜನರ ಜೀವದೊಡನೆ ಆಟವಾಡಿದಂತೆ ಎಂದು ಖಡಕ್ಕಾಗಿ ಹೇಳಿತು.

ಹೆಸರಿನವರು ಪ್ರಾಮಾಣಿಕವಾಗಿ ಕೂತಿರುವ ಅಂಗಡಿಯಲ್ಲೂ ಮದ್ದು ತೆಗೆದು ಕೊಡುವವರು ಅವರೊಬ್ಬರೇ ಅಲ್ಲ. ಇಬ್ಬರೋ ಮೂವರೋ ಹುಡುಗರು, ಹುಡುಗಿಯರು ಇರುತ್ತಾರೆ. ಯಾವ ಕಪಾಟಿನ ಯಾವ ಮೂಲೆಯಲ್ಲಿ ಏನಿದೆ ಎಂದು ಕತ್ತಲಲ್ಲೂ ಹೇಳಬಲ್ಲವರು ಅವರೇ. ನಾಲ್ಕು ಮಾತ್ರೆ ಕೇಳಿದವರಿಗೆ ಸ್ಟ್ರಿಪ್ಪನ್ನು ಅವಧಿ ಮುಗಿಯುವ ದಿನಾಂಕ ಉಳಿಯುವ ಹಾಗೆ ಕತ್ತರಿಸುವುದು, ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಿರುವ ಎರಡು ಮದ್ದನ್ನು ಬೇರೆ ಇಡುವುದು, ಬೆಳಿಗ್ಗೆಗೊಂದು, ರಾತ್ರಿಗೊಂದು ಎಂದು ಕವರಿನ ಮೇಲೆ ಬರೆಯುವುದು, ಎಲ್ಲ ಅವರ ಕೈಯ ಕೆಲಸ. ಕೌಶಲ ತರಬೇತಿಯ ಸರ್ಟಿಫಿಕೇಟು ಕೆಲವರಲ್ಲಿ ಇರಬಹುದು. ಅದನ್ನು ಬರೆದುಕೊಳ್ಳುವ ರಿಜಿಸ್ಟರು ಇಲ್ಲ.

ಬೇರೆ ದೇಶಗಳು ಈ ನಡುವಿನ ಮೆಟ್ಟಿಲು ಕಟ್ಟಿಕೊಂಡಿವೆ. ಅಮೆರಿಕದಲ್ಲಿ ಫಾರ್ಮಸಿ ಟೆಕ್ನಿಷಿಯನ್ನರ ಪ್ರಮಾಣೀಕರಣ ಮಂಡಳಿ 1995ರಲ್ಲಿ ಹುಟ್ಟಿತು. ಬ್ರಿಟನ್ನಿನಲ್ಲಿ 2011ರಿಂದ ಟೆಕ್ನಿಷಿಯನ್ನರಿಗೂ ನೋಂದಣಿ ಕಡ್ಡಾಯ. ನಮ್ಮ ಜಿಲ್ಲೆಯ ಡಿ.ಫಾರ್ಮದವರು ದುಬೈ, ಅಬುಧಾಬಿಗೆ ಹೋದಾಗ ಅಲ್ಲಿನ ಲೈಸೆನ್ಸಿನಲ್ಲಿ ಅವರಿಗೆ ಸಿಗುವುದು ಫಾರ್ಮಸಿಸ್ಟಿನ ಕೆಳಗಿನ ಈ ದರ್ಜೆಯೇ. ಮೇಲಿನದಕ್ಕೆ ಪದವಿ ಬೇಕು. ಇಲ್ಲಿ ಮಾತ್ರ ಒಂದೋ ಪೂರ್ಣ ಫಾರ್ಮಸಿಸ್ಟ್, ಇಲ್ಲವೇ ಏನೂ ಅಲ್ಲ.

ಹಳೆಯ ಫಾರ್ಮಸಿ ಕಾಯ್ದೆಯ ಜಾಗಕ್ಕೆ ತರಲೆಂದು ರಾಷ್ಟ್ರೀಯ ಫಾರ್ಮಸಿ ಆಯೋಗದ ಮಸೂದೆಯ ಕರಡನ್ನು ಕೇಂದ್ರ ಆರೋಗ್ಯ ಸಚಿವಾಲಯ 2023ರ ನವೆಂಬರಿನಲ್ಲಿ ಜನರ ಅಭಿಪ್ರಾಯಕ್ಕೆ ಇಟ್ಟಿತ್ತು. ಹೊಸ ಕಾನೂನು ಬರುವುದಾದರೆ ಈ ಹುಡುಗರ ವಿಷಯ ಅದರಲ್ಲಿ ಬರಬೇಕು. 1969ರಲ್ಲಿ ಮುಚ್ಚಿದ ಬಾಗಿಲನ್ನು ಮತ್ತೆ ತೆರೆಯಿರಿ ಎಂದು ನಾನು ಕೇಳುವುದಿಲ್ಲ; ಇಂದಿನ ಮದ್ದುಗಳು ಅಂದಿನ ಮಿಕ್ಸ್‌ಚರಿನಂತಲ್ಲ, ನೋಡಿ ಕಲಿತದ್ದಷ್ಟೇ ಸಾಲದು. ಪಿಯುಸಿಯಲ್ಲಿ ವಾಣಿಜ್ಯವನ್ನೋ ಕಲೆಯನ್ನೋ ಓದಿ, ಮನೆಯ ಕಷ್ಟಕ್ಕೆ ಮೆಡಿಕಲ್ ಸೇರಿದವರಿಗೆ ಆರು ತಿಂಗಳ ಸಂಜೆ ತರಗತಿ, ಕನ್ನಡದಲ್ಲೊಂದು ಪರೀಕ್ಷೆ, ಫಾರ್ಮಸಿಸ್ಟರ ಕಣ್ಣಳತೆಯಲ್ಲೇ ಕೆಲಸ ಮಾಡುವ ಷರತ್ತು, ಎದೆಯ ಮೇಲೆ ಅವರದೇ ಹೆಸರಿನ ಬಿಲ್ಲೆ, ಪರಿಷತ್ತಿನ ಪುಸ್ತಕದಲ್ಲಿ ಅವರದೇ ನಂಬರು. ತರಗತಿ ನಡೆಸಲು ಮಂಗಳೂರಿನ ಸುತ್ತ ಕಾಲೇಜುಗಳಿವೆ, ಕಲಿಸಬಲ್ಲ ಮೇಷ್ಟ್ರುಗಳಿದ್ದಾರೆ. ಸಂಜೆ ತರಗತಿ ಮುಗಿಸಿದವರಿಗೆ ಬಂಟ್ವಾಳಕ್ಕೂ ಮೂಡುಬಿದಿರೆಗೂ ಹಿಂತಿರುಗಲು ಬಸ್ಸೂ ಇದೆ.