ಅಜೀಜನ ವೇಷ, ನನ್ನ ರೆಸ್ಯೂಮೆ

ಬಿಟ್ಟಂಗಾಲದ ಮನೆಯ ಹೊರಗೆ ಜಡಿಮಳೆ. ರಜೆಗೆ ಬಂದಿದ್ದ ನಾನು ಇಂಟರ್ನ್‌ಶಿಪ್‌ಗೆ ರೆಸ್ಯೂಮೆ ಬರೆಯುತ್ತಿದ್ದೆ. ಗೆಳೆಯರು ಮಾಡಿದ್ದ ಪ್ರಾಜೆಕ್ಟೊಂದನ್ನು ನನ್ನದೆಂದು ಸೇರಿಸಿದ್ದೆ. ‘ಎಲ್ರೂ ಹಾಕ್ತಾರೆ ಬಿಡೋ’ ಎಂದಿದ್ದರು ಸೀನಿಯರ್.

ಕರೆಂಟು ಹೋದಾಗ ಕೈಗೆತ್ತಿಕೊಂಡದ್ದು ಗಿರೀಶ ಕಾರ್ನಾಡರ ‘ತುಘಲಕ್’. 1964ರ ಈ ದುರಂತ ನಾಟಕದ ಮೊದಲ ದೃಶ್ಯದಲ್ಲಿ ಸುಲ್ತಾನನ ಮೇಲೆಯೇ ದಾವೆ ಹೂಡಿದ ಬ್ರಾಹ್ಮಣ ವಿಷ್ಣುಪ್ರಸಾದ ಗೆಲ್ಲುತ್ತಾನೆ. ಪರಿಹಾರದ ಹಣ, ಜೊತೆಗೆ ಸರ್ಕಾರಿ ನೌಕರಿ! ಅಸಲಿಗೆ ಅವನು ವೇಷ ಹಾಕಿದ ಅಗಸ, ಅಜೀಜ್. ಅಲ್ಲೇ ಸುಲ್ತಾನ, ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಒಯ್ಯುವ ಕನಸನ್ನೂ ಸಾರುತ್ತಾನೆ. ನ್ಯಾಯವಂತನೆನಿಸಿಕೊಳ್ಳುವ ಹಂಬಲ ಅವನದು; ಆ ಹಂಬಲದ ಸಂದಿಯಲ್ಲೇ ಅಜೀಜನ ಸುಳ್ಳು ನುಸುಳುತ್ತದೆ.

ಸಿಕ್ಕಿಬೀಳುವ ಭಯವೇ? ಇಲ್ಲ. ಎಲ್ಲ ತಿಳಿದ ಮೇಲೂ ಸುಲ್ತಾನ ಕೊನೆಯಲ್ಲಿ ಅಜೀಜನನ್ನು ಕ್ಷಮಿಸಿ ಹುದ್ದೆ ಕೊಡುತ್ತಾನೆ. ನನ್ನನ್ನು ಕಾಡಿದ್ದು ಬೇರೆಯೇ. ಅಂದು ದಾವೆ ಗೆದ್ದದ್ದು ಅಜೀಜನಲ್ಲ, ವಿಷ್ಣುಪ್ರಸಾದ. ನಾಳೆ ಆಯ್ಕೆಯಾದರೆ ಅದೂ ನಾನಲ್ಲ. ಕೆಲಸ ಮಾಡಬೇಕಾದವನು ಮಾತ್ರ ನಾನೇ.

ಕರೆಂಟು ಬಂತು. ಆ ಸಾಲು ಅಳಿಸಿದೆ. ರೆಸ್ಯೂಮೆ ಅರ್ಧ ಪುಟಕ್ಕಿಳಿಯಿತು. ಹಾಗೆಯೇ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಆ ಪ್ರಾಜೆಕ್ಟನ್ನು ಈಗ ನಾನೇ, ಮೊದಲಿನಿಂದ ಮಾಡುತ್ತಿದ್ದೇನೆ.